ಎರಡು ಫ್ಯಾಮಿಲಿ ಎಸ್‌ಯುವಿಗಳಲ್ಲಿ ಒಂದನ್ನು ಆರಿಸುವುದು ಹೇಗೆ?

ಪಟ್ಟಿಯಲ್ಲಿ ಎರಡೇ ಗಾಡಿ ಉಳಿದಾಗ ಆಯ್ಕೆ ಸುಲಭವಾಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಎರಡೂ ಚೆನ್ನಾಗಿಯೇ ಕಾಣುತ್ತವೆ. ಬೆಲೆಯೂ ಹತ್ತಿರ ಹತ್ತಿರ. ಮನೆಯಲ್ಲಿ ಅರ್ಧ ಜನ ಒಂದರ ಕಡೆ, ಇನ್ನರ್ಧ ಇನ್ನೊಂದರ ಕಡೆ. ಕೊನೆಗೆ ಬಣ್ಣವೋ ಸನ್‌ರೂಫೋ ತೀರ್ಮಾನ ಮಾಡಿಬಿಡುತ್ತದೆ. ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು ವರ್ಷಗಟ್ಟಲೆ ಓಡಾಡುವ ಗಾಡಿಯನ್ನು ಹಾಗೆ ಆರಿಸಬಾರದು.

ನಾನು ಹೇಳುವ ದಾರಿ ಇದು. ಮೊದಲು ನಿಮ್ಮ ಮನೆಯ ಬಳಕೆ ಬರೆದುಕೊಳ್ಳಿ. ಆಮೇಲೆ ಸುರಕ್ಷತೆ ನೋಡಿ, ಅಲ್ಲಿ ಪಾಸಾಗದ ಗಾಡಿಯನ್ನು ಕೈಬಿಡಿ. ಪಾಸಾದವಕ್ಕೆ ಮಾತ್ರ ಖರ್ಚಿನ ಲೆಕ್ಕ ಹಾಕಿ. ಕೊನೆಗೆ ಮನೆಯವರನ್ನೆಲ್ಲ ಕೂರಿಸಿ ಓಡಿಸಿ ನೋಡಿ. ಈ ಎಲ್ಲ ಹಂತಗಳಲ್ಲೂ ಒಂದು ಮಾತು ನೆನಪಿರಲಿ: ಮಾಡೆಲ್ ಹೆಸರುಗಳನ್ನು ಹೋಲಿಸಬೇಡಿ, ನೀವು ದುಡ್ಡು ಕೊಟ್ಟು ಮನೆಗೆ ತರುವ ವೇರಿಯಂಟ್‌ಗಳನ್ನು, ಅಂದರೆ ಒಂದೇ ಮಾಡೆಲಿನ ಬೇರೆ ಬೇರೆ ಸೌಲಭ್ಯದ ಆವೃತ್ತಿಗಳನ್ನು ಹೋಲಿಸಿ. ಜಾಹೀರಾತಿನಲ್ಲಿ ಓಡುವುದು, ಶೋರೂಮಿನಲ್ಲಿ ನಿಂತಿರುವುದು ಸಾಮಾನ್ಯವಾಗಿ ಟಾಪ್ ವೇರಿಯಂಟ್. ನೀವು ಕೊಳ್ಳುವುದು ಮಧ್ಯದ್ದಾದರೆ ಏರ್‌ಬ್ಯಾಗ್, ಕ್ಯಾಮೆರಾ, ಟೈರ್ ಸೈಜು, ಹೆಡ್‌ಲೈಟ್ ಎಲ್ಲವೂ ಬೇರೆ ಇರಬಹುದು.

1. ಗಾಡಿಗಿಂತ ಮೊದಲು ನಿಮ್ಮ ಓಡಾಟ

ಒಂದು ಹಾಳೆ ತೆಗೆದುಕೊಳ್ಳಿ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೀರಿ? ಅದರಲ್ಲಿ ಊರೊಳಗಿನ ಟ್ರಾಫಿಕ್ ಎಷ್ಟು, ಹೆದ್ದಾರಿ ಎಷ್ಟು? ದಿನವೂ ಎಷ್ಟು ಜನ ಕೂರುತ್ತಾರೆ? ಚೈಲ್ಡ್ ಸೀಟು ಎಷ್ಟು ಬೇಕು? ಮಂಡಿ ನೋವಿರುವವರು, ವೀಲ್‌ಚೇರ್ ಬಳಸುವವರು ಇದ್ದಾರಾ? ಗಾಡಿ ನಿಲ್ಲಿಸುವ ಜಾಗದ ಉದ್ದ, ಅಗಲ, ಎತ್ತರ ಎಷ್ಟು? ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?

ಈ ಕೊನೆಯ ಪ್ರಶ್ನೆಯನ್ನು ಜಾಸ್ತಿ ಜನ ಕೇಳಿಕೊಳ್ಳುವುದೇ ಇಲ್ಲ. ನಾಲ್ಕು ವರ್ಷಕ್ಕೆ ಮಾರುವವರಿಗೆ ಮರುಮಾರಾಟದ ಬೆಲೆ ಮುಖ್ಯ. ಹನ್ನೆರಡು ವರ್ಷ ಇಟ್ಟುಕೊಳ್ಳುವವರಿಗೆ ಬಿಡಿಭಾಗ ಸಿಗುವುದು, ಎಂಜಿನ್ ಬಾಳಿಕೆ ಬರುವುದು ಮುಖ್ಯ. ಒಂದೇ ಗಾಡಿ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಆಗುವುದು ಹೀಗೆ.

ಏಳು ಸೀಟು ಬೇಕೋ ಐದು ಸಾಕೋ ಎಂಬುದನ್ನೂ ಇಲ್ಲೇ ಮುಗಿಸಿ. ವರ್ಷಕ್ಕೆ ಮೂರ್ನಾಲ್ಕು ಸಲ ನೆಂಟರು ಬರುತ್ತಾರೆ ಅಂತ ಏಳು ಸೀಟಿನ ಗಾಡಿ ಕೊಂಡರೆ, ಉಳಿದ ದಿನವೆಲ್ಲ ಆ ತೂಕವನ್ನು ಸುಮ್ನೆ ಎಳೆಯಬೇಕಾಗುತ್ತದೆ. ಅಂಥ ದಿನಗಳಿಗೆ ಇನ್ನೊಂದು ಗಾಡಿ ಬಾಡಿಗೆಗೆ ತರುವುದು ಅಗ್ಗ. ವಾರವಾರವೂ ಆರು ಜನ ಕೂರುವ ಮನೆಯಾದರೆ ಮಾತೇ ಬೇರೆ. ಆಗ ಮೂರನೇ ಸಾಲಿನಲ್ಲಿ ದೊಡ್ಡವರು ನಿಜವಾಗಿ ಕೂರಬಹುದೇ ಎಂದು ನೋಡಿಯೇ ಕೊಳ್ಳಬೇಕು.

2. ಸುರಕ್ಷತೆ: ಇಲ್ಲಿ ಚೌಕಾಸಿ ಬೇಡ

ಹಲವರು ಬೆಲೆಗೆ ಇಷ್ಟು ಅಂಕ, ಮೈಲೇಜಿಗೆ ಇಷ್ಟು, ಸುರಕ್ಷತೆಗೆ ಇಷ್ಟು ಅಂತ ಕೊಟ್ಟು ಕೂಡಿಸುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ಹಾಗೆ ಮಾಡಿದರೆ ಒಳ್ಳೆಯ ಮ್ಯೂಸಿಕ್ ಸಿಸ್ಟಂ ಏರ್‌ಬ್ಯಾಗಿನ ಕೊರತೆಯನ್ನು ಮುಚ್ಚಿಹಾಕಿಬಿಡುತ್ತದೆ. ಸುರಕ್ಷತೆಗೆ ಒಂದು ಕನಿಷ್ಠ ಮಟ್ಟ ಇಟ್ಟುಕೊಳ್ಳಿ. ಅದಕ್ಕಿಂತ ಕೆಳಗಿರುವ ಗಾಡಿ ಎಷ್ಟು ಅಗ್ಗವಾದರೂ ಬೇಡ.

ಮೊದಲು ಕ್ರ್ಯಾಶ್ ಟೆಸ್ಟ್ ಸ್ಟಾರ್, ಅಂದರೆ ಗಾಡಿಯನ್ನು ಬೇಕೆಂದೇ ಗುದ್ದಿಸಿ ನೋಡಿ ಕೊಡುವ ರೇಟಿಂಗ್. ಯುರೋಪಿನಲ್ಲಿ ಈ ಪರೀಕ್ಷೆ ಮಾಡುವ ಸಂಸ್ಥೆ ಯೂರೋ ಎನ್‌ಕ್ಯಾಪ್ 1997ರಿಂದ ಇಂಥ ಫಲಿತಾಂಶಗಳನ್ನು ಹೊರಗೆ ಬಿಡುತ್ತಿದೆ. ಗ್ಲೋಬಲ್ ಎನ್‌ಕ್ಯಾಪ್ ಮತ್ತು ಬೇರೆ ಬೇರೆ ದೇಶಗಳ ಎನ್‌ಕ್ಯಾಪ್‌ಗಳು, ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಕೂಡ ಇದೇ ಕೆಲಸ ಮಾಡುತ್ತವೆ. ಆದರೆ ಐದು ಸ್ಟಾರ್ ಎಂದರೆ ಎಲ್ಲ ಕಡೆಯೂ ಒಂದೇ ಅರ್ಥವಲ್ಲ. ಸ್ಟಾರ್ ನೋಡುವಾಗ ಈ ನಾಲ್ಕು ಸಂಗತಿ ಗಮನಿಸಿ.

ಯಾವ ವರ್ಷದ ಟೆಸ್ಟ್? ನಿಯಮಗಳು ಕಾಲಕಾಲಕ್ಕೆ ಬಿಗಿಯಾಗುತ್ತವೆ. ಯೂರೋ ಎನ್‌ಕ್ಯಾಪ್ ತನ್ನ ರೇಟಿಂಗನ್ನು ಆರು ವರ್ಷದ ನಂತರ ಅವಧಿ ಮುಗಿದದ್ದು ಎಂದೇ ಗುರುತಿಸುತ್ತದೆ. ಹತ್ತು ವರ್ಷದ ಹಿಂದಿನ ಐದು ಸ್ಟಾರ್ ಹೊಸ ನಾಲ್ಕು ಸ್ಟಾರಿಗಿಂತ ಮೇಲು ಎಂದು ತಿಳಿಯಬೇಡಿ.

ಯಾವ ವೇರಿಯಂಟಿನ ಟೆಸ್ಟ್? ಕೆಲವು ಸಂಸ್ಥೆಗಳು ಎಲ್ಲ ವೇರಿಯಂಟಿನಲ್ಲೂ ಸಿಗುವ ಸೌಲಭ್ಯವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಸೇಫ್ಟಿ ಪ್ಯಾಕ್ (ಬೇರೆ ದುಡ್ಡು ಕೊಟ್ಟು ಕೊಳ್ಳುವ ಸುರಕ್ಷತಾ ಸೌಲಭ್ಯಗಳು) ಹಾಕಿದ ಗಾಡಿಗೆ ಬೇರೆ ರೇಟಿಂಗ್ ಕೊಡುತ್ತವೆ. ಒಂದೇ ಹೆಸರಿನ ಗಾಡಿ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಸೌಲಭ್ಯದೊಂದಿಗೆ ಮಾರಾಟವಾಗುವುದೂ ಉಂಟು. ವರದಿಯ ಒಳಗೆ ಯಾವ ಗಾಡಿ ಎಂಬುದು ಬರೆದಿರುತ್ತದೆ, ಓದಿ.

ಗಾಡಿಯ ತೂಕ ಎಷ್ಟು? ಮುಂಭಾಗದ ಗುದ್ದಿನ ಫಲಿತಾಂಶವನ್ನು ಹೆಚ್ಚುಕಡಿಮೆ ಒಂದೇ ತೂಕದ ಗಾಡಿಗಳ ನಡುವೆ ಮಾತ್ರ ಹೋಲಿಸಬಹುದು. ನಿಮ್ಮ ಪಟ್ಟಿಯ ಎರಡು ಗಾಡಿಗಳಲ್ಲಿ ಒಂದು ಚಿಕ್ಕದು, ಇನ್ನೊಂದು ಬಹಳ ದೊಡ್ಡದು ಎಂದಾದರೆ ಬರೀ ಸ್ಟಾರ್ ಸಾಲದು.

ಕೊನೆಯದು, ಮಕ್ಕಳ ಅಂಕ. ಒಟ್ಟು ಸ್ಟಾರಿನ ಕೆಳಗೆ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಬೇರೆ ಬೇರೆ ಅಂಕ ಇರುತ್ತದೆ. ಫ್ಯಾಮಿಲಿ ಗಾಡಿಗೆ ಎರಡನ್ನೂ ನೋಡಲೇಬೇಕು. ಜೊತೆಗೆ ವರದಿಯಲ್ಲಿ ಗಾಡಿಯ ಬಾಡಿ ಸ್ಥಿರವಾಗಿತ್ತೇ, ಇನ್ನಷ್ಟು ಹೊರೆ ತಡೆಯುತ್ತಿತ್ತೇ ಎಂಬ ಮಾತು ಇದ್ದರೆ ಅದನ್ನು ಖಂಡಿತ ಓದಿ. ಗ್ಲೋಬಲ್ ಎನ್‌ಕ್ಯಾಪ್ ಮುಂಭಾಗದ ಟೆಸ್ಟನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಮಾಡುತ್ತದೆ. ಹೆದ್ದಾರಿಯಲ್ಲಿ ನಾವು ಹೋಗುವುದು ಅದಕ್ಕಿಂತ ಜೋರಾಗಿ. ವೇಗ ಎರಡರಷ್ಟಾದರೆ ಗುದ್ದಿನ ಶಕ್ತಿ ನಾಲ್ಕರಷ್ಟಾಗುತ್ತದೆ. ಹಾಗಾಗಿ ಬಾಡಿಯ ಗಟ್ಟಿತನ ನನ್ನ ಮಟ್ಟಿಗೆ ಏರ್‌ಬ್ಯಾಗ್ ಎಣಿಕೆಗಿಂತ ಮೊದಲು ಬರುತ್ತದೆ.

ಇನ್ನು ಸೌಲಭ್ಯಗಳ ಪಟ್ಟಿ. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇಎಸ್‌ಸಿ ಇಲ್ಲದ ಎಸ್‌ಯುವಿ ಬೇಡವೇ ಬೇಡ. ಎಸ್‌ಯುವಿ ಎತ್ತರದ ಗಾಡಿ. ತಿರುವಿನಲ್ಲೋ, ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಾಗಲೋ ಹಿಡಿತ ತಪ್ಪಿದರೆ ಪಲ್ಟಿ ಹೊಡೆಯುವ ಸಾಧ್ಯತೆ ಜಾಸ್ತಿ. ಇಎಸ್‌ಸಿ ಒಂದೊಂದು ಚಕ್ರಕ್ಕೂ ಬೇಕಾದಷ್ಟೇ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುತ್ತದೆ. ಒಂಟಿ ಗಾಡಿಯ ಮಾರಕ ಅಪಘಾತಗಳ ಅಪಾಯವನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ಐಐಎಚ್‌ಎಸ್ ಅಧ್ಯಯನ ಹೇಳುತ್ತದೆ.

ಪಕ್ಕದಿಂದ ಮೈಯನ್ನು ಕಾಯುವ ಸೈಡ್ ಏರ್‌ಬ್ಯಾಗ್, ಕಿಟಕಿಯ ಮೇಲಿಂದ ಇಳಿದು ತಲೆಯನ್ನು ಕಾಯುವ ಕರ್ಟನ್ ಏರ್‌ಬ್ಯಾಗ್ ಎರಡೂ ಇರಲಿ. ಏಳು ಸೀಟಿನದಾದರೆ ಕರ್ಟನ್ ಮೂರನೇ ಸಾಲಿನವರೆಗೆ ಬರುತ್ತದೆಯೇ ಎಂದು ಕೇಳಿ. ಹಿಂದಿನ ಮಧ್ಯದ ಸೀಟಿಗೂ ಭುಜ, ಸೊಂಟ ಎರಡನ್ನೂ ಹಿಡಿಯುವ ಮೂರು ಪಾಯಿಂಟಿನ ಬೆಲ್ಟ್ ಇರಬೇಕು. ಈ ಬೆಲ್ಟನ್ನು 1959ರಲ್ಲೇ ವೋಲ್ವೋ ಕಾರಿಗೆ ಹಾಕಿತ್ತು. ಇಷ್ಟು ವರ್ಷವಾದ ಮೇಲೂ ಒಂದು ಮಗುವನ್ನು ಸೊಂಟದ ಪಟ್ಟಿಯಲ್ಲೇ ಕೂರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹಿಂದಿನ ಬೆಲ್ಟಿನ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಇದೆ. ಸೇಲ್ಸ್‌ನವರಿಗೂ ಸಾಮಾನ್ಯವಾಗಿ ಉತ್ತರ ಗೊತ್ತಿರುವುದಿಲ್ಲ, ಆದರೂ ಬರೆದುಕೊಡಲು ಕೇಳಿ: ಹಿಂದಿನ ಬೆಲ್ಟುಗಳಿಗೆ ಪ್ರಿಟೆನ್ಷನರ್ ಮತ್ತು ಲೋಡ್ ಲಿಮಿಟರ್ ಇದೆಯೇ? ಪ್ರಿಟೆನ್ಷನರ್ ಗುದ್ದಿದ ಕ್ಷಣಕ್ಕೆ ಬೆಲ್ಟನ್ನು ಬಿಗಿಯುತ್ತದೆ. ಲೋಡ್ ಲಿಮಿಟರ್ ಎದೆಯ ಮೇಲಿನ ಒತ್ತಡ ಅತಿಯಾಗದಂತೆ ಸ್ವಲ್ಪ ಸಡಿಲಿಸುತ್ತದೆ. ಮುಂದಿನ ಸೀಟಿಗೆ ಇವೆರಡೂ ಬಂದು ಎಷ್ಟೋ ಕಾಲವಾಯಿತು, ಹಿಂದಕ್ಕೆ ಮಾತ್ರ ತಡವಾಗಿ ಬರುತ್ತಿವೆ. ಐಐಎಚ್‌ಎಸ್ 2022ರಲ್ಲಿ ತನ್ನ ಮುಂಭಾಗದ ಟೆಸ್ಟಿನಲ್ಲಿ ಹಿಂದಿನ ಸೀಟಿನಲ್ಲೂ ಒಂದು ಡಮ್ಮಿ (ಮನುಷ್ಯನಾಕಾರದ ಪರೀಕ್ಷಾ ಗೊಂಬೆ) ಕೂರಿಸಲು ಶುರುಮಾಡಿತು. ಅದು ಪುಟ್ಟ ಮೈಕಟ್ಟಿನ ಹೆಂಗಸಿನ, ಅಥವಾ 12 ವರ್ಷದ ಮಗುವಿನ ಗಾತ್ರದ್ದು. ಮುಂದಿನವರನ್ನು ಚೆನ್ನಾಗಿ ಕಾಪಾಡುವ ಹಲವು ಗಾಡಿಗಳು ಆಗ ಹಿಂದಿನವರ ವಿಷಯದಲ್ಲಿ ಹಿಂದೆ ಬಿದ್ದವು. ನಮ್ಮ ಮಕ್ಕಳು ಕೂರುವುದು ಹಿಂದೆಯೇ ಅಲ್ವಾ?

ಚೈಲ್ಡ್ ಸೀಟ್ ಇರುವ ಮನೆಯವರು ಆ ಸೀಟನ್ನು ಗಾಡಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಕಡೆ ಎರಡು ಲೋಹದ ಕೊಂಡಿಗಳಿರುತ್ತವೆ. ಕೆಲವು ಗಾಡಿಗಳಲ್ಲಿ ಅವು ಕುಷನ್ ಒಳಗೆ ಎಷ್ಟು ಆಳ ಹುದುಗಿರುತ್ತವೆ ಎಂದರೆ ಪ್ರತಿಸಲ ಬೆರಳು ತರಚುತ್ತದೆ. ಚೈಲ್ಡ್ ಸೀಟಿನ ಮೇಲ್ಭಾಗವನ್ನು ಕಟ್ಟುವ ಟಾಪ್ ಟೆದರ್ ಕೊಂಡಿ ಎಲ್ಲಿದೆ ಎಂದೂ ನೋಡಿ. ಎರಡು ಚೈಲ್ಡ್ ಸೀಟ್ ಹಾಕಿದ ಮೇಲೆ ನಡುವೆ ಒಬ್ಬರು ಕೂರಲು ಜಾಗ ಉಳಿಯುತ್ತದೆಯೇ? ಯುರೋಪಿನ ಚೈಲ್ಡ್ ಸೀಟ್ ನಿಯಮ ಆರ್129ರಲ್ಲಿ ಮಗುವನ್ನು ಕನಿಷ್ಠ 15 ತಿಂಗಳವರೆಗೆ ಹಿಂದೆ ಮುಖ ಮಾಡಿಯೇ ಕೂರಿಸಬೇಕು. ಅದಕ್ಕಿಂತ ಜಾಸ್ತಿ ಕಾಲ ಕೂರಿಸಿದರೆ ಇನ್ನೂ ಒಳ್ಳೆಯದು. ಅಂಥ ಸೀಟು ಹಾಕಿದಾಗ ಮುಂದಿನ ಸೀಟು ಎಷ್ಟು ಮುಂದಕ್ಕೆ ತಳ್ಳಬೇಕಾಗುತ್ತದೆ ಎಂಬುದನ್ನು ಬ್ರೋಶರ್ ಹೇಳುವುದಿಲ್ಲ. ನಿಮ್ಮ ಸೀಟನ್ನೇ ತೆಗೆದುಕೊಂಡು ಹೋಗಿ ಹಾಕಿ ನೋಡಿ. ಮುಂದಿನ ಏರ್‌ಬ್ಯಾಗ್ ಆನ್ ಇರುವಾಗ ಅದರ ಎದುರು ಇಂಥ ಸೀಟನ್ನು ಯಾವತ್ತೂ ಇಡಬಾರದು.

ಹೆಡ್‌ರೆಸ್ಟ್ ಸಣ್ಣ ವಿಷಯದಂತೆ ಕಾಣುತ್ತದೆ. ಹಿಂದಿನ ಸೀಟಿನಲ್ಲಿ ಎತ್ತರದವರು ಕೂತಾಗ ಅದು ತಲೆಯ ಮಟ್ಟಕ್ಕೆ ಬರಬೇಕು. ಕುತ್ತಿಗೆಯ ಮಟ್ಟದಲ್ಲೇ ನಿಂತರೆ ಹಿಂದಿನಿಂದ ಗುದ್ದಿದಾಗ ಪ್ರಯೋಜನವಿಲ್ಲ.

ತಾನೇ ಬ್ರೇಕ್ ಹಾಕುವ ಎಇಬಿ, ಕನ್ನಡಿಯಲ್ಲಿ ಕಾಣದ ಗಾಡಿಯ ಬಗ್ಗೆ ತಿಳಿಸುವ ಬ್ಲೈಂಡ್ ಸ್ಪಾಟ್ ಎಚ್ಚರಿಕೆ ಇವು ಒಳ್ಳೆಯವೇ. ಆದರೆ ದುಡ್ಡು ಒಂದಕ್ಕೇ ಸಾಲುವಂತಿದ್ದರೆ ಮೊದಲು ಗಟ್ಟಿ ಬಾಡಿ, ಇಎಸ್‌ಸಿ, ಎಲ್ಲ ಏರ್‌ಬ್ಯಾಗ್, ಒಳ್ಳೆಯ ಹೆಡ್‌ಲೈಟ್. ಆಮೇಲೆ ಇವು. ಸನ್‌ರೂಫ್ ಅದಾದ ಮೇಲೆ.

3. ಖರ್ಚು: ಕೊಳ್ಳುವ ದಿನದ ಬೆಲೆ ಅರ್ಧ ಕತೆ ಮಾತ್ರ

ಎರಡು ಗಾಡಿಗಳ ಬೆಲೆಯ ಅಂತರ ನೋಡಿ ಅಗ್ಗದ್ದು ಯಾವುದು ಎಂದು ಹೇಳಲಾಗದು. ಇಟ್ಟುಕೊಳ್ಳುವಷ್ಟು ವರ್ಷಕ್ಕೆ ಒಟ್ಟು ಎಷ್ಟು ಹೋಗುತ್ತದೆ ಎಂಬುದೇ ಲೆಕ್ಕ. ತೆರಿಗೆ, ನೋಂದಣಿ ಸೇರಿ ಕೈಗೆ ಬರುವಾಗಿನ ಒಟ್ಟು ಬೆಲೆ, ಸಾಲದ ಬಡ್ಡಿ, ಇಂಧನ, ವಿಮೆ, ಸರ್ವಿಸ್, ಟೈರ್ ಎಲ್ಲವನ್ನೂ ಕೂಡಿಸಿ. ಕೊನೆಗೆ ಮಾರಿದಾಗ ಬರುವ ಹಣವನ್ನು ಕಳೆಯಿರಿ. ಬಂದದ್ದನ್ನು ವರ್ಷಗಳಿಂದ ಭಾಗಿಸಿ. ಆ ಸಂಖ್ಯೆಯನ್ನು ಎರಡೂ ಗಾಡಿಗೆ ಪಕ್ಕಪಕ್ಕ ಬರೆಯಿರಿ.

ಇದರಲ್ಲಿ ಹೊಸ ಗಾಡಿಗೆ ಬಹಳ ಸಲ ದೊಡ್ಡ ಖರ್ಚು ಕಣ್ಣಿಗೆ ಕಾಣುವುದೇ ಇಲ್ಲ. ಅದು ಬೆಲೆ ಇಳಿಯುವುದು. ಒಂದು ಉದಾಹರಣೆ ಮಾಡಿಕೊಳ್ಳೋಣ. ಮೊದಲ ಗಾಡಿಯ ಬೆಲೆ 100, ಎರಡನೆಯದರದು 110 ಎಂದಿಟ್ಟುಕೊಳ್ಳಿ. ಆರು ವರ್ಷದ ಮೇಲೆ ಮೊದಲನೆಯದು 45ಕ್ಕೆ, ಎರಡನೆಯದು 58ಕ್ಕೆ ಮಾರಾಟವಾದರೆ ಕಳೆದುಕೊಂಡದ್ದು 55 ಮತ್ತು 52. ದುಬಾರಿ ಅನಿಸಿದ್ದೇ ಅಗ್ಗವಾಯಿತು. ನಿಮ್ಮ ಎರಡು ಗಾಡಿಗೆ ಈ ಸಂಖ್ಯೆ ಬೇಕೆಂದರೆ, ಅದೇ ಮಾಡೆಲಿನ ಐದಾರು ವರ್ಷ ಹಳೆಯ ಗಾಡಿಗಳು ಈಗ ಸೆಕೆಂಡ್ ಹ್ಯಾಂಡಿನಲ್ಲಿ ಎಷ್ಟಕ್ಕೆ ಹೋಗುತ್ತಿವೆ ಎಂದು ನೋಡಿ.

ಮೈಲೇಜಿನ ವಿಷಯದಲ್ಲಿ ಒಂದು ತಪ್ಪು ಎಣಿಕೆ ಎಲ್ಲ ಕಡೆ ಇದೆ. ಲೀಟರಿಗೆ ಮೂರು ಕಿ.ಮೀ. ಹೆಚ್ಚು ಕೊಡುವ ಗಾಡಿ ಯಾವಾಗಲೂ ಅಷ್ಟೇ ಉಳಿಸುತ್ತದೆ ಎಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 15,000 ಕಿ.ಮೀ. ಓಡಿದರೆ, 12 ಕೊಡುವ ಗಾಡಿಗೆ 1,250 ಲೀಟರ್ ಬೇಕು. 15 ಕೊಡುವುದಕ್ಕೆ 1,000 ಲೀಟರ್ ಸಾಕು. ಉಳಿತಾಯ 250 ಲೀಟರ್. ಇನ್ನು 15ರ ಬದಲು 18 ಕೊಡುವ ಗಾಡಿಗೆ ಸುಮಾರು 833 ಲೀಟರ್ ಹಿಡಿಯುತ್ತದೆ. ಅದೇ ಮೂರು ಕಿ.ಮೀ. ಅಂತರ, ಉಳಿತಾಯ ಮಾತ್ರ 167 ಲೀಟರ್. ಹಾಗಾಗಿ ಮೈಲೇಜ್ ಅಂಕಿ ಹೋಲಿಸಬೇಡಿ, ವರ್ಷಕ್ಕೆ ಎಷ್ಟು ಲೀಟರ್ ಎಂದು ಹೋಲಿಸಿ. ಬ್ರೋಶರಿನ ಅಂಕಿ ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ತೆಗೆದದ್ದು, ರಸ್ತೆಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಆ ಗಾಡಿ ಓಡಿಸುವವರನ್ನು ಕೇಳಿದರೆ ನಿಜವಾದ ಅಂಕಿ ಸಿಗುತ್ತದೆ.

ಡೀಸೆಲ್‌ಗೆ ಅಥವಾ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಹೈಬ್ರಿಡ್‌ಗೆ ಹೆಚ್ಚಿನ ಬೆಲೆ ಕೊಡಬೇಕೆಂದಿದ್ದರೆ, ಆ ಹೆಚ್ಚಿನ ಬೆಲೆಯನ್ನು ವರ್ಷದ ಇಂಧನ ಉಳಿತಾಯದಿಂದ ಭಾಗಿಸಿ. ಬರುವ ಉತ್ತರ ನೀವು ಗಾಡಿ ಇಟ್ಟುಕೊಳ್ಳುವ ವರ್ಷಕ್ಕಿಂತ ಜಾಸ್ತಿ ಇದ್ದರೆ ಅದರಲ್ಲಿ ದುಡ್ಡಿನ ಲಾಭ ಇಲ್ಲ. ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡುವವರು ಈಗಿನ ಡೀಸೆಲ್ ಗಾಡಿ ಕೊಳ್ಳದಿರುವುದೇ ಒಳ್ಳೆಯದು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಚೆನ್ನಾಗಿ ಬಿಸಿಯಾದಾಗ ಮಾತ್ರ ತಾನೇ ಶುಚಿಯಾಗುತ್ತದೆ. ಹತ್ತಿರದ ಓಡಾಟದಲ್ಲಿ ಅಷ್ಟು ಬಿಸಿಯಾಗದೆ ಕಟ್ಟಿಕೊಳ್ಳುತ್ತದೆ. ಹೈಬ್ರಿಡ್ ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ಜಾಸ್ತಿ ಉಳಿಸುತ್ತದೆ, ಹೆದ್ದಾರಿಯಲ್ಲಿ ಕಡಿಮೆ.

ಟೈರ್ ಖರ್ಚನ್ನು ಯಾರೂ ಮೊದಲೇ ಕೇಳುವುದಿಲ್ಲ. ಟಾಪ್ ವೇರಿಯಂಟಿನ 19 ಇಂಚಿನ ಚಕ್ರ ನೋಡಲು ಚಂದ. ಆದರೆ ಆ ಸೈಜಿನ ಟೈರ್ 17 ಇಂಚಿನದಕ್ಕಿಂತ ದುಬಾರಿ, ಟೈರಿನ ಪಕ್ಕದ ಗೋಡೆ ಗಿಡ್ಡವಾದ್ದರಿಂದ ಗುಂಡಿಗೆ ಬಿದ್ದಾಗ ರಿಮ್ ಬಾಗುವುದೂ ಬೇಗ. ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಆಲ್ ವೀಲ್ ಡ್ರೈವ್ ಇದ್ದರೆ ನಾಲ್ಕು ಟೈರುಗಳ ಸವೆತ ಹೆಚ್ಚುಕಡಿಮೆ ಒಂದೇ ಇರಬೇಕು, ಒಂದು ಹಾಳಾದರೆ ಜೊತೆಗೆ ಇನ್ನೂ ಕೆಲವನ್ನು ಬದಲಿಸಬೇಕಾಗಬಹುದು. ಎರಡೂ ಗಾಡಿಗೆ ನಾಲ್ಕು ಟೈರ್ ಸೆಟ್ ಬೆಲೆ ಕೇಳಿ ಹಾಳೆಯಲ್ಲಿ ಬರೆದುಕೊಳ್ಳಿ. ಹಾಗೆಯೇ ಮುಂದಿನ ಗಾಜು, ಹೆಡ್‌ಲೈಟ್, ಬಂಪರ್ ಬೆಲೆಯನ್ನೂ ಕೇಳಿ. ವಿಮೆಯ ದರವನ್ನು ವೇರಿಯಂಟ್ ಹೆಸರು ಹೇಳಿಯೇ ತರಿಸಿಕೊಳ್ಳಿ.

ಸಾಲದಲ್ಲಿ ತಿಂಗಳ ಕಂತು ನೋಡಿ ಸಮಾಧಾನ ಪಡಬೇಡಿ. ಅವಧಿ ಉದ್ದ ಮಾಡಿದರೆ ಕಂತು ಇಳಿಯುತ್ತದೆ, ಬಡ್ಡಿ ಏರುತ್ತದೆ. ಎಲ್ಲ ಕಂತುಗಳ ಒಟ್ಟು ಮೊತ್ತ ಕೇಳಿ.

4. ಅನುಕೂಲ: ಅಳತೆ ಟೇಪ್ ತೆಗೆದುಕೊಂಡು ಹೋಗಿ

ಡಿಕ್ಕಿ ಎಷ್ಟು ಲೀಟರ್ ಎಂಬುದನ್ನು ಎರಡು ಬ್ರೋಶರ್ ಬೇರೆ ಬೇರೆ ರೀತಿಯಲ್ಲಿ ಹೇಳಬಹುದು. ಒಂದು ಪದ್ಧತಿಯಲ್ಲಿ 200, 100, 50 ಮಿ.ಮೀ. ಅಳತೆಯ ಒಂದೊಂದು ಲೀಟರಿನ ಇಟ್ಟಿಗೆಯಂಥ ತುಂಡುಗಳನ್ನು ಜೋಡಿಸಿ ಎಷ್ಟು ಹಿಡಿಸಿತು ಎಂದು ಎಣಿಸುತ್ತಾರೆ. ಕೆಲವರು ಮೇಲಿನ ಮುಚ್ಚಳದವರೆಗೆ ಅಳೆದರೆ ಕೆಲವರು ಛಾವಣಿಯವರೆಗೆ ಅಳೆಯುತ್ತಾರೆ. ಏಳು ಸೀಟಿನ ಗಾಡಿಗೆ ಮೂರನೇ ಸಾಲು ಮಡಚಿದಾಗಿನ ಅಂಕಿಯನ್ನೇ ದೊಡ್ಡದಾಗಿ ಬರೆಯುತ್ತಾರೆ. ಏಳೂ ಜನ ಕೂತಾಗ ಎಷ್ಟು ಉಳಿಯುತ್ತದೆ ಎಂಬುದು ನಿಮಗೆ ಬೇಕಾದ ಅಂಕಿ. ಲೀಟರ್ ಬಿಟ್ಟುಬಿಡಿ. ನಿಮ್ಮ ದೊಡ್ಡ ಸೂಟ್‌ಕೇಸ್ ಮತ್ತು ಮಗುವಿನ ಸ್ಟ್ರಾಲರ್ ಒಯ್ದು ಇಟ್ಟು ನೋಡಿ. ಡಿಕ್ಕಿಯ ಅಂಚು ನೆಲದಿಂದ ಎಷ್ಟು ಎತ್ತರ ಇದೆ ಎಂದೂ ಗಮನಿಸಿ, ಭಾರ ಎತ್ತುವುದು ಸೊಂಟ ತಾನೇ.

ಜಾಗಕ್ಕಿಂತ ಮೊದಲು ಮುಗಿದುಹೋಗುವುದು ತೂಕದ ಮಿತಿ. ಗಾಡಿಯ ಗರಿಷ್ಠ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಎಷ್ಟು ಹೊರಬಹುದು ಎಂದು ಗೊತ್ತಾಗುತ್ತದೆ. ಉದಾಹರಣೆಗೆ 2,200 ಕೆ.ಜಿ.ಯಲ್ಲಿ 1,720 ಕಳೆದರೆ 480 ಕೆ.ಜಿ. ತಲಾ 65 ಕೆ.ಜಿ.ಯ ಏಳು ಜನ ಕೂತರೆ 455 ಆಯಿತು. ಉಳಿದದ್ದು 25 ಕೆ.ಜಿ. ಒಂದು ದೊಡ್ಡ ಸೂಟ್‌ಕೇಸಿಗೆ ಅದು ಮುಗಿಯಿತು! ಮಿತಿ ಮೀರಿದರೆ ಬ್ರೇಕ್ ಹಿಡಿಯುವ ದೂರ ಹೆಚ್ಚುತ್ತದೆ, ಟೈರ್ ಬಿಸಿಯಾಗುತ್ತದೆ. ಛಾವಣಿಯ ಮೇಲೆ ಹೇರುವುದಕ್ಕೂ ಬೇರೆ ಮಿತಿ ಇದೆ, ಅದು ಮ್ಯಾನುಯಲ್‌ನಲ್ಲಿ ಇರುತ್ತದೆ. ಖಾಲಿ ತೂಕದಲ್ಲಿ ಚಾಲಕನನ್ನು ಸೇರಿಸಿದ್ದಾರೆಯೇ ಇಲ್ಲವೇ ಎಂದು ಎರಡೂ ಗಾಡಿಗೆ ನೋಡಿಕೊಳ್ಳಿ, ಪದ್ಧತಿ ಬೇರೆ ಬೇರೆ ಇದೆ.

ಸ್ಟೆಪ್ನಿ ಎಲ್ಲಿದೆ, ಯಾವ ಸೈಜಿನದು? ಕೆಲವದರಲ್ಲಿ ಪೂರ್ತಿ ಸೈಜಿನ ಚಕ್ರ, ಕೆಲವದರಲ್ಲಿ ಗಂಟೆಗೆ 80 ಕಿ.ಮೀ. ಮೀರಬಾರದ ಸಣ್ಣ ಚಕ್ರ, ಇನ್ನು ಕೆಲವದರಲ್ಲಿ ಬರೀ ಪಂಕ್ಚರ್ ಕಿಟ್. ದೂರದ ಪ್ರಯಾಣ ಜಾಸ್ತಿ ಇರುವವರು ಪೂರ್ತಿ ಸೈಜಿನದಕ್ಕೆ ಬೆಲೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಟೈರಿನ ಗೋಡೆ ಹರಿದರೆ ಕಿಟ್ ಕೆಲಸಕ್ಕೆ ಬರುವುದಿಲ್ಲ.

5. ಟೆಸ್ಟ್ ಡ್ರೈವ್: ಎರಡೂ ಗಾಡಿ, ಒಂದೇ ದಿನ, ಒಂದೇ ದಾರಿ

ವಾರದ ಅಂತರದಲ್ಲಿ ಓಡಿಸಿದರೆ ಮೊದಲನೆಯದು ಹೇಗಿತ್ತು ಎಂಬುದೇ ಮರೆತುಹೋಗುತ್ತದೆ. ಮನೆಯವರೆಲ್ಲ ಬರಲಿ. ಅಜ್ಜಿಯನ್ನು ಮೊದಲು ಹತ್ತಿಸಿ. ಎತ್ತರದ ಗಾಡಿ ಹತ್ತುವುದು ಒಂದು ಕಷ್ಟ, ಇಳಿಯುವಾಗ ಕಾಲು ನೆಲಕ್ಕೆ ಸಿಗದಿರುವುದು ಇನ್ನೊಂದು. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹಿಡಿದುಕೊಳ್ಳಲು ಹಿಡಿ ಇದೆಯೇ ನೋಡಿ. ಹಿಂದೆ ಕೂತವರ ತೊಡೆಗೆ ಸೀಟಿನ ಆಸರೆ ಸಿಗಬೇಕು. ಮಂಡಿ ಮೇಲೆದ್ದು ಕೂರಬೇಕಾದರೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ.

ದಾರಿಯಲ್ಲಿ ಕೆಟ್ಟ ರಸ್ತೆಯ ಒಂದು ತುಂಡು, ಹೆದ್ದಾರಿಯ ಒಂದು ತುಂಡು, ಇಕ್ಕಟ್ಟಿನ ಒಂದು ಪಾರ್ಕಿಂಗ್ ಇರಲಿ. ಹಿಂದಿನ ಸೀಟಿನಲ್ಲೂ ಸ್ವಲ್ಪ ದೂರ ನೀವೇ ಕೂತು ಬನ್ನಿ. ಗಾಡಿ ತುಂಬಾ ಜನ ಇರುವಾಗ ಏರು ಹತ್ತಿಸಿ ನೋಡಿ. ಒಬ್ಬರೇ ಓಡಿಸಿದಾಗ ಚುರುಕಾಗಿದ್ದ ಎಂಜಿನ್ ಆಗ ಸುಸ್ತಾಗಬಹುದು.

ನಿಂತ ಗಾಡಿಯ ಬಾನೆಟ್ ಮುಂದೆ ಒಬ್ಬರು ಮಗುವಿನ ಎತ್ತರದ ಚೀಲವೊಂದನ್ನು ಹಿಡಿದು ನಿಧಾನ ದೂರ ಸರಿಯಲಿ. ಎಷ್ಟು ದೂರ ಹೋದ ಮೇಲೆ ನಿಮಗೆ ಕಾಣಿಸಿತು? ಎತ್ತರದ ಬಾನೆಟ್ ಇರುವ ಎಸ್‌ಯುವಿಗಳ ದೊಡ್ಡ ದೋಷವೇ ಇದು, ಮುಂದೆ ನಿಂತ ಪುಟ್ಟ ಮಗು ಕಾಣುವುದಿಲ್ಲ. ಎರಡು ಗಾಡಿಗಳ ನಡುವೆ ಈ ದೂರದಲ್ಲಿ ವ್ಯತ್ಯಾಸ ಸಿಕ್ಕರೆ ಅದಕ್ಕೆ ತೂಕ ಕೊಡಿ.

ಎಸಿ, ವೈಪರ್, ಹಜಾರ್ಡ್ ಲೈಟ್ ಇವನ್ನು ರಸ್ತೆಯಿಂದ ಕಣ್ಣು ತೆಗೆಯದೆ ಹಾಕಲು ಆಗುತ್ತದೆಯೇ? ಎಲ್ಲವನ್ನೂ ಟಚ್‌ಸ್ಕ್ರೀನ್ ಒಳಗೆ ಹಾಕಿದ ಗಾಡಿಯಲ್ಲಿ ಕಷ್ಟ. ಇಂಡಿಕೇಟರ್, ವೈಪರ್, ಹಾರ್ನ್‌ನಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ಬಟನ್ ಇರಬೇಕು ಎಂದು ಯೂರೋ ಎನ್‌ಕ್ಯಾಪ್ ತನ್ನ 2026ರ ನಿಯಮದಲ್ಲಿ ಸೇರಿಸಿದೆ. ಸಾಧ್ಯವಾದರೆ ಒಮ್ಮೆ ಕತ್ತಲಾದ ಮೇಲೂ ಓಡಿಸಿ. ಹೆಡ್‌ಲೈಟ್ ಹಗಲಲ್ಲಿ ಗೊತ್ತಾಗುವುದಿಲ್ಲ.

6. ದುಡ್ಡು ಕೊಡುವ ಮುನ್ನ

ಇಷ್ಟೆಲ್ಲ ಆದ ಮೇಲೂ ಎರಡೂ ಸಮ ಬಂದರೆ, ಮನೆಗೆ ಹತ್ತಿರ ಒಳ್ಳೆಯ ಸರ್ವಿಸ್ ಸಿಗುವುದನ್ನು ಆರಿಸಿ. ಅದೂ ಸಮವಾದರೆ ಹಿಂದಿನ ಸೀಟಿನಲ್ಲಿ ಕೂರುವವರ ಮಾತಿಗೆ ಬಿಡಿ.

ಬುಕಿಂಗ್ ಚೀಟಿಯಲ್ಲಿ ವೇರಿಯಂಟಿನ ಪೂರ್ತಿ ಹೆಸರು, ಎಂಜಿನ್, ಗೇರ್‌ಬಾಕ್ಸ್, ಏರ್‌ಬ್ಯಾಗ್ ಸಂಖ್ಯೆ, ಒಟ್ಟು ಬೆಲೆ, ಉಚಿತ ಎಂದು ಹೇಳಿದ ವಸ್ತುಗಳು ಎಲ್ಲವೂ ಬರಹದಲ್ಲಿ ಇರಲಿ. ಗಾಡಿ ಬಂದಾಗ ನೋಂದಣಿಗೆ ಮೊದಲೇ ಹಗಲು ಬೆಳಕಿನಲ್ಲಿ ನೋಡಿ. ತಯಾರಾದ ತಿಂಗಳು ಯಾವುದು ಎಂದು ಕೇಳಿ. ಟೈರಿನ ಗೋಡೆಯ ಮೇಲೆ ಡಾಟ್ (DOT) ಗುರುತಿನ ಕೊನೆಯ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದ ಟೈರ್. ನಾಲ್ಕಕ್ಕೂ, ಸ್ಟೆಪ್ನಿಗೂ ಇದನ್ನು ನೋಡಿ. ಜಾಕ್, ವೀಲ್ ಸ್ಪ್ಯಾನರ್, ಎರಡನೇ ಕೀ ಇವೆಯೇ ಎಣಿಸಿ. ಚೈಲ್ಡ್ ಸೀಟನ್ನು ಅಲ್ಲೇ ಐಸೋಫಿಕ್ಸ್‌ಗೆ ಹಾಕಿ, ಎರಡೂ ಕಡೆ ಹಸಿರು ಗುರುತು ಬಂತೇ ನೋಡಿ, ಕೈಯಿಂದ ಜೋರಾಗಿ ಎಳೆದು ಪರೀಕ್ಷಿಸಿ. ಅದಾದ ಮೇಲೆ ಸಹಿ ಹಾಕಿ.